ಊಟದ ಹಾಲ್‌ನ ಬೀಗ ತೆಗೆಸಿ

ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಪ್ರಾಂಶುಪಾಲರಿಗೆ,

ನಮಸ್ಕಾರ.

ನಾನು ನಿಮ್ಮ ಹಳೇ ವಿದ್ಯಾರ್ಥಿನಿ. 2000ದಿಂದ 2003ರವರೆಗೆ ಬಿ.ಎಸ್ಸಿ. ಓದಿದೆ, ಮೂರೂ ವರ್ಷ ಹಾಸ್ಟೆಲ್‌ನಲ್ಲೇ ಇದ್ದೆ. ಈಗ ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ನಮ್ಮಣ್ಣನ ಮಗಳು ಈಗ ಅದೇ ಹಾಸ್ಟೆಲ್‌ನಲ್ಲಿ, ನಾನಿದ್ದ ರೂಮಿನ ಪಕ್ಕದ ರೂಮಿನಲ್ಲಿದ್ದಾಳೆ.

ಇದೇ ವಿಷಯಕ್ಕೆ ನಿಮಗೆ ಎರಡು ಸಲ ಕಾಗದ ಬರೆದಿದ್ದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ‘ಪರಿಶೀಲಿಸಲಾಗುವುದು’ ಅಂತ ಒಂದು ಸಾಲು ಬಂತು. ನಾನೂ ಶಾಲೆಯ ಆಫೀಸಿನ ಕಾಗದಪತ್ರ ನೋಡಿದವಳು, ಆ ಸಾಲಿನ ಅರ್ಥ ನನಗೆ ಗೊತ್ತು. ಅದಕ್ಕೇ ಈ ಸಲ ನಾಲ್ಕು ಜನ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಹಾಕಿಲ್ಲ. ಮಂಡ್ಯದ ಸಣ್ಣ ಕಾಲೇಜು ಅಂದರೆ ಸಾಕು, ನಿಮಗೆ ಗೊತ್ತಾಗುತ್ತದೆ.

ಕೇಳುವುದು ಒಂದೇ. ಹಾಸ್ಟೆಲ್‌ನ ಊಟದ ಹಾಲ್‌ಗೆ ಹಾಕಿರುವ ಬೀಗ ತೆಗೆಸಿ.

ಹೋದ ಡಿಸೆಂಬರ್‌ನಲ್ಲಿ ಹುಡುಗಿಯನ್ನು ಬಿಡೋಕೆ ಅಂತ ಬಂದಿದ್ದೆ. ಸಂಜೆ ಏಳೂವರೆ ಇರಬೇಕು. ಕಬ್ಬು ಕಡಿಯೋ ಕಾಲ, ಎಲ್ಲೋ ಹತ್ತಿರದ ಆಲೆಮನೆಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ನಮ್ಮ ಕಾಲದಲ್ಲೂ ಹೀಗೇ ಬರುತ್ತಿತ್ತು. ಅಡುಗೆಮನೆಯ ಕಿಟಕಿಯ ಮುಂದೆ ಹುಡುಗಿಯರು ಡಬ್ಬಿ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಕಿಟಕಿಯೊಳಗಿಂದ ಒಂದು ಕೈ ಬಂದು ಅನ್ನ ಹಾಕುತ್ತಿತ್ತು, ಇನ್ನೊಂದು ಕೈ ಸಾರು. ಹಾಕಿಸಿಕೊಂಡವಳು ಮುಚ್ಚಳ ಒತ್ತಿ, ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಾ ಮೆಟ್ಟಿಲು ಹತ್ತಿ ರೂಮಿಗೆ ಹೋಗುತ್ತಿದ್ದಳು. ಒಬ್ಬೊಬ್ಬಳ ಕೈಯಲ್ಲಿ ಎರಡು ಮೂರು ಡಬ್ಬಿ. ರೂಮಿನಲ್ಲಿರುವ ಗೆಳತಿಯರದ್ದೂ ಸೇರಿಸಿ. ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಒಂದು ದೊಡ್ಡ ನಗು ಕೂಡ ಕೇಳಿಸಲಿಲ್ಲ.

ಪಕ್ಕದಲ್ಲೇ ನಮ್ಮ ಹಾಲ್. ಬೀಗ. ಕಿಟಕಿಯ ಸಂದಿಯಲ್ಲಿ ಮೊಬೈಲ್ ಲೈಟ್ ಬಿಟ್ಟು ನೋಡಿದೆ. ಕಾಲು ಮುರಿದ ಡೆಸ್ಕುಗಳು, ಹಳೇ ಉತ್ತರಪತ್ರಿಕೆಯ ಬಂಡಲ್‌ಗಳು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗ ಕಟ್ಟಿದ್ದ ಸ್ವಾಗತದ ಫ್ಲೆಕ್ಸ್. ಅದರ ಕೆಳಗೆ ಕಡಪ ಕಲ್ಲಿನ ಉದ್ದನೆಯ ಎರಡು ಟೇಬಲ್ ಹಾಗೇ ಇವೆ. ಕಲ್ಲಿಗೆ ಏನಾಗುತ್ತೆ ಹೇಳಿ.

ಯಾಕೆ ಮುಚ್ಚಿದ್ದು ಅಂತ ನನಗೆ ಗೊತ್ತು. 2020ರ ನವೆಂಬರ್‌ನಲ್ಲಿ ಡಿಗ್ರಿ ಕಾಲೇಜುಗಳು ಮತ್ತೆ ಶುರುವಾದಾಗ ಕೊರೊನಾ ಇನ್ನೂ ಹೋಗಿರಲಿಲ್ಲ. ಒಟ್ಟಿಗೆ ಕೂತು ಉಣ್ಣಬಾರದು, ಡಬ್ಬಿ ತೆಗೆದುಕೊಂಡು ರೂಮಿಗೆ ಹೋಗಿ ಅಂದಿರಿ. ಅವತ್ತಿಗೆ ಅದು ಸರಿಯಾಗಿತ್ತು. ಆಮೇಲೆ ಮಾಸ್ಕ್ ಹೋಯಿತು, ಗೇಟಿನಲ್ಲಿದ್ದ ಸ್ಯಾನಿಟೈಸರ್ ಸ್ಟ್ಯಾಂಡ್ ಹೋಯಿತು. ಬೀಗ ಮಾತ್ರ ಉಳಿಯಿತು. ಬೀಗ ಹಾಕೋಕೆ ಆದೇಶ ಬೇಕಾಗುತ್ತದೆ. ತೆಗೆಯೋಕೂ ಒಂದು ಆದೇಶ ಬೇಕು ಅಂತ ಯಾರಿಗೂ ನೆನಪಾಗಲಿಲ್ಲ, ಅಷ್ಟೇ. ಈಗ ಡಿಗ್ರಿ ಓದುತ್ತಿರುವ ಹುಡುಗಿಯರಿಗೆ ಅಲ್ಲಿ ಒಂದು ಊಟದ ಹಾಲ್ ಇತ್ತು ಅನ್ನೋದೇ ಗೊತ್ತಿಲ್ಲ. ನಮ್ಮ ಹುಡುಗಿ ಅದನ್ನು ‘ಗೋಡೌನ್’ ಅಂತಾಳೆ.

ಹಾಲ್ ಇದ್ದಾಗ ಏನಿತ್ತು ಅಂತ ಸ್ವಲ್ಪ ಹೇಳುತ್ತೇನೆ.

ನಾನು ಸೇರಿದ ವರ್ಷ ರಾಯಚೂರಿನಿಂದ ಒಬ್ಬಳು ಬಂದಳು. ಅವರಪ್ಪನಿಗೆ ಈ ಕಡೆಗೆ ವರ್ಗ ಆಗಿತ್ತು. ಮೊದಲನೇ ರಾತ್ರಿ ಮುದ್ದೆ, ಬಸ್ಸಾರು. ಅವಳು ಮುದ್ದೆ ಮುರಿದು ಬಾಯಿಗಿಟ್ಟು ಅಗಿದಳು. ಅಗಿದಳು, ಇನ್ನೂ ಅಗಿದಳು. ಕಣ್ಣಲ್ಲಿ ನೀರು ಬಂತು. ಹಲ್ಲಿಗೆ ಅಂಟಿಕೊಂಡು ಮಾತೂ ಹೊರಡದು. ಎದುರಿಗೆ ಕೂತಿದ್ದ ನಾವು ನಾಲ್ಕು ಜನ ಬಿದ್ದು ಬಿದ್ದು ನಕ್ಕೆವು. ಆಮೇಲೆ ನಾಗಮಂಗಲದ ಸೀನಿಯರ್ ಅಕ್ಕ ಒಬ್ಬರು ಎದ್ದು ಬಂದು ಅವಳ ಪಕ್ಕ ಕೂತರು. ತುತ್ತು ಹೇಗೆ ಮುರಿಯಬೇಕು, ಹೇಗೆ ಸಾರಿನಲ್ಲಿ ಹೊರಳಿಸಿ ಒಂದೇ ಸಲ ನುಂಗಬೇಕು ಅಂತ ತೋರಿಸಿದರು. ಮೂರನೇ ತುತ್ತಿಗೆ ಅವಳು ನುಂಗಿದಳು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ವರ್ಷದ ಕೊನೆಗೆ ಅವಳು ಎರಡು ಮುದ್ದೆ ಉಣ್ಣುತ್ತಿದ್ದಳು. ನಮಗೆ ಅವಳ ಊರಿನ ಶೇಂಗಾ ಚಟ್ನಿಪುಡಿ ಇಲ್ಲದೆ ಅನ್ನ ಸೇರುತ್ತಿರಲಿಲ್ಲ.

ಇದು ನಗುವ ಕತೆ. ಇನ್ನೊಂದು ಅಷ್ಟು ಸುಲಭದ್ದಲ್ಲ.

ನಮ್ಮ ಮನೆಯ ಹಿತ್ತಲಲ್ಲಿ, ಸೂರಿನ ಸಂದಿಯಲ್ಲಿ ಒಂದು ಲೋಟ ಸಿಕ್ಕಿಸಿ ಇಟ್ಟಿರುತ್ತಿದ್ದರು. ಗದ್ದೆ ಕೆಲಸಕ್ಕೆ ಬರುವ ಕೆಲವರಿಗೆ ಕಾಫಿ ಕೊಡೋಕೆ. ಅವರು ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಿ ಹೋಗಬೇಕು. ಹದಿನೇಳು ವರ್ಷ ಆ ಲೋಟ ನೋಡಿಕೊಂಡು ಬೆಳೆದೆ. ಅದರಲ್ಲಿ ತಪ್ಪಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಇದು ನಿಜ.

ಹಾಸ್ಟೆಲ್‌ಗೆ ಹೊರಟಾಗ ಅಮ್ಮ ಮಂಡ್ಯದ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಕೊಡಿಸಿ ನನ್ನ ಹೆಸರು ಕೊರೆಸಿದರು. ಚುಕ್ಕಿ ಚುಕ್ಕಿಯಾಗಿ ಮಿಷನ್‌ನಲ್ಲಿ ಕೊರೆಯುತ್ತಾರಲ್ಲ, ಹಾಗೆ. ‘ಬೇರೆಯವರ ತಟ್ಟೇಲಿ ಉಣ್ಬೇಡ’ ಅಂದರು. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಲ್ಲ ಹುಡುಗಿಯರ ಅಮ್ಮಂದಿರೂ ಅದನ್ನೇ ಹೇಳಿ ಕಳಿಸಿದ್ದರು ಅಂತ ಕಾಣುತ್ತೆ. ಮೊದಲ ವಾರ ಎಲ್ಲರೂ ತಟ್ಟೆಯನ್ನು ರೂಮಿನಿಂದ ತಂದು, ತೊಳೆದು, ರೂಮಿಗೇ ವಾಪಸ್ ಒಯ್ಯುತ್ತಿದ್ದೆವು. ಕೂರುವುದೂ ಗುಂಪು ಗುಂಪಾಗಿ. ಯಾವ ಗುಂಪು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಮುರಿದವರು ನಮ್ಮ ಅಡುಗೆ ಅಕ್ಕ. ಯಾವ ಭಾಷಣವನ್ನೂ ಮಾಡಲಿಲ್ಲ. ಎರಡನೇ ವಾರ ಒಂದು ದೊಡ್ಡ ಟಬ್ ತಂದಿಟ್ಟರು. ಉಂಡ ತಟ್ಟೆಯೆಲ್ಲ ಅದಕ್ಕೇ ಹಾಕಬೇಕು, ದಿನಕ್ಕೆ ನಾಲ್ಕು ಜನ ಪಾಳಿಯಲ್ಲಿ ಎಲ್ಲರ ತಟ್ಟೆ ತೊಳೆಯಬೇಕು, ತೊಳೆದದ್ದನ್ನು ಒಂದರ ಮೇಲೊಂದು ಜೋಡಿಸಿಡಬೇಕು. ಊಟಕ್ಕೆ ಬಂದವರು ಮೇಲಿನದನ್ನು ತೆಗೆದುಕೊಳ್ಳಬೇಕು. ಮೊದಲ ದಿನ ನಾವೆಲ್ಲ ರಾಶಿಯಲ್ಲಿ ನಮ್ಮ ನಮ್ಮ ಹೆಸರು ಹುಡುಕುತ್ತಾ ನಿಂತೆವು. ಅವರು ಸೌಟು ತಗೊಂಡು ಬಕೆಟ್‌ಗೆ ಎರಡು ಸಲ ಬಡಿದರು. ‘ಹೆಸ್ರು ಹುಡುಕ್ತಾ ನಿಂತ್ಕಂಡ್ರೆ ಹಿಟ್ಟು ಆರೋಯ್ತದೆ, ತಗಳ್ರವ್ವ’ ಅಂದರು.

ಹಸಿವಾಗಿತ್ತು. ತಗೊಂಡೆವು.

ಆ ರಾತ್ರಿ ನನಗೆ ಸಿಕ್ಕ ತಟ್ಟೆಯ ಮೇಲಿದ್ದ ಹೆಸರು ಯಾರದ್ದು, ಅವಳು ಯಾವ ಬೀದಿಯವಳು ಅಂತ ನನಗೆ ಗೊತ್ತಿತ್ತು. ತುತ್ತು ಗಂಟಲಲ್ಲಿ ಒಂದು ಕ್ಷಣ ನಿಂತಿದ್ದು ಇವತ್ತಿಗೂ ನೆನಪಿದೆ. ಎರಡನೇ ತಿಂಗಳಿಗೆ ಯಾರೂ ಹೆಸರು ನೋಡುತ್ತಿರಲಿಲ್ಲ. ಈಗ ನಮ್ಮ ಮನೆಯ ಅಡುಗೆಮನೆಯಲ್ಲಿ ಇರುವ ತಟ್ಟೆಯ ಮೇಲೆ ನನ್ನ ಹೆಸರಿಲ್ಲ. ಹಾಸ್ಟೆಲ್ ಬಿಡುವ ದಿನ ಗಡಿಬಿಡಿಯಲ್ಲಿ ಯಾರದ್ದೋ ತಂದಿದ್ದೇನೆ. ನನ್ನದು ಯಾರ ಮನೆಯಲ್ಲಿದೆಯೋ. ಊರಿನ ಮನೆಯ ಸೂರಿನ ಲೋಟವನ್ನು ಎರಡನೇ ವರ್ಷದ ದಸರಾ ರಜೆಯಲ್ಲಿ ನಾನೇ ತೆಗೆದೆ. ಅದಕ್ಕೆ ಮನೆಯಲ್ಲಿ ಏನೇನಾಯಿತು ಅನ್ನೋದು ಈ ಕಾಗದದ ವಿಷಯ ಅಲ್ಲ.

ಈ ಕಡೆ ಹಾಸ್ಟೆಲ್ ಊಟಕ್ಕೆ ದೊಡ್ಡ ಚರಿತ್ರೆಯೇ ಇದೆ. ಅದು ನಿಮಗೂ ಗೊತ್ತಿರುವುದೇ. ಹಳೇ ಮೈಸೂರಿನಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಏಳು ಮನೆ ಸಿಗಬೇಕಾದರೂ ಜಾತಿ ಸರಿಯಾಗಿ ಕೂಡಿ ಬರಬೇಕಿತ್ತು, ಉಳಿದವರಿಗೆ ಅದೂ ಇಲ್ಲ. ಊರೆಲ್ಲ ತಾತಯ್ಯ ಅಂತ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ದಿಕ್ಕಿಲ್ಲದ ಮಕ್ಕಳಿಗೆ ಅನಾಥಾಲಯ ಕಟ್ಟಿದರು. ಹಳ್ಳಿಯ ಹುಡುಗರು ಓದೋಕೆ ಮೈಸೂರಿಗೆ ಬರೋದು ಜಾಸ್ತಿಯಾದ ಹಾಗೆ ಒಂದೊಂದು ಸಮುದಾಯದವರು ತಮ್ಮ ತಮ್ಮ ಹುಡುಗರಿಗೆ ಹಾಸ್ಟೆಲ್ ಕಟ್ಟಿಕೊಂಡರು. ಸುತ್ತೂರು ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ಎರಡು ಜಿಲ್ಲೆಯಲ್ಲಿ ಎಷ್ಟು ಜನ ಅಂತ ಲೆಕ್ಕ ಹಾಕೋಕಾಗದು. 1970ರ ದಶಕದಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಹಿಂದುಳಿದವರ ಹಾಸ್ಟೆಲ್‌ಗಳು ಬೆಳೆದವು. ನಮ್ಮಪ್ಪ ಅಂಥ ಒಂದರಲ್ಲಿ ಉಂಡು ಪಿಯುಸಿ ಮುಗಿಸಿದವರು. ಇವರೆಲ್ಲ ಮೊದಲು ಯೋಚಿಸಿದ್ದು ಪಾಠದ ವಿಷಯ ಅಲ್ಲ, ಹುಡುಗ ಎಲ್ಲಿ ಉಣ್ಣುತ್ತಾನೆ ಅಂತ.

ನಮ್ಮ ಹಾಸ್ಟೆಲ್ ಕಟ್ಟಿದವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಎಲ್ಲರಿಗೂ ಒಂದೇ ಹಾಲ್, ಎರಡೇ ಟೇಬಲ್. ಬೇಕು ಅಂದರೂ ಬೇರೆ ಕೂರೋಕೆ ಜಾಗವೇ ಇಲ್ಲದ ಹಾಗೆ. ದೊಡ್ಡ ಕಾಲೇಜಿನಲ್ಲಿ ಇದು ಕಷ್ಟ. ಅಲ್ಲಿ ಹತ್ತು ಮೆಸ್ಸು, ಹತ್ತು ಗುಂಪು. ನಮ್ಮಂಥ ಸಣ್ಣ ಕಾಲೇಜಿಗೆ ಇರುವ ಲಾಭವೇ ಇದು. ಹೆಚ್ಚು ಹಣ ಇಲ್ಲ, ಲ್ಯಾಬ್ ಸುಮಾರು, ಪ್ಲೇಸ್‌ಮೆಂಟ್ ಅಂತೂ ಕೇಳಲೇಬೇಡಿ. ಆದರೆ ಎಲ್ಲರಿಗೂ ಎಲ್ಲರ ಮುಖ ಗೊತ್ತಿರುತ್ತೆ. ಆ ಮುಖ ಗೊತ್ತಾಗುತ್ತಿದ್ದದ್ದು ಕ್ಲಾಸಿನಲ್ಲಲ್ಲ, ಊಟದ ಹಾಲ್‌ನಲ್ಲಿ.

ಈಗ ರೂಮು ಹಂಚುವಾಗ ಗೊತ್ತಿರುವವರು ಗೊತ್ತಿರುವವರ ಜೊತೆ ಸೇರಿಕೊಳ್ಳುತ್ತಾರೆ. ಒಂದೇ ಊರು, ಒಂದೇ ಪೈಕಿ. ಊಟವೂ ಆ ಮೂರು ಜನರೊಳಗೇ ಮುಗಿಯುತ್ತದೆ. ಯಾರೂ ಬೇಕು ಅಂತ ಮಾಡಿದ್ದಲ್ಲ. ಆದರೆ ನಾವು ಮೊದಲ ವಾರ ಹೇಗೆ ಕೂತಿದ್ದೆವೋ, ಈ ಹುಡುಗಿಯರು ಮೂರು ವರ್ಷ ಹಾಗೇ ಕೂತು ಎದ್ದು ಹೋಗುತ್ತಿದ್ದಾರೆ.

ಹಾಲ್ ಅಂದರೆ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಸಾರಿನಲ್ಲಿ ಹುಳ ಸಿಕ್ಕಿದೆ. ಸೀನಿಯರ್‌ಗಳ ದರ್ಬಾರು ನೋಡಿದ್ದೇವೆ. ಮೊಟ್ಟೆ ಕೊಡುವ ದಿನ ಒಂದು ಮೊಟ್ಟೆಗೆ ಜುಟ್ಟು ಹಿಡಿದು ಹೊಡೆದಾಡಿದವರೂ ಇದ್ದಾರೆ. ಅದರಲ್ಲಿ ಒಬ್ಬಳು ಈಗ ಪೊಲೀಸ್ ಇಲಾಖೆಯಲ್ಲಿದ್ದಾಳೆ. ಒಂದು ಸಲ ಒಂದು ತಿಂಗಳಿಡೀ ವಾಸನೆ ಅಕ್ಕಿ ಬಂತು. ಹೇಳಿ ಹೇಳಿ ಸಾಕಾಯಿತು. ಒಂದು ರಾತ್ರಿ ಎಲ್ಲರೂ ಬಂದು, ಕೂತು, ತಟ್ಟೆ ಬೋರಲು ಹಾಕಿಕೊಂಡೆವು. ಯಾರೂ ಮಾತಾಡಲಿಲ್ಲ. ಐವತ್ತು ಚಿಲ್ಲರೆ ತಟ್ಟೆ ಬೋರಲಾಗಿದ್ದನ್ನು ನೋಡಿ ವಾರ್ಡನ್ ಮೇಡಂ ತಾವೇ ಒಂದು ತಟ್ಟೆ ತಗೊಂಡು ಆ ಅನ್ನ ಬಡಿಸಿಕೊಂಡು ಒಂದು ತುತ್ತು ತಿಂದರು. ಮೂರನೇ ದಿನಕ್ಕೆ ಅಕ್ಕಿ ಬದಲಾಯಿತು. ಇದನ್ನು ಬರೆದರೆ ನೀವು ಬೀಗ ತೆಗೆಯೋದನ್ನು ಇನ್ನೂ ಮುಂದಕ್ಕೆ ಹಾಕಬಹುದು ಅಂತ ಅನ್ನಿಸಿತು. ಆದರೂ ಇರಲಿ. ಈಗ ಅಕ್ಕಿ ಸರಿ ಇಲ್ಲದಿದ್ದರೆ ಹುಡುಗಿಯರು ವಾಟ್ಸಾಪ್ ಸ್ಟೇಟಸ್ ಹಾಕುತ್ತಾರೆ, ಡಬ್ಬಿಯಲ್ಲಿ ಉಳಿದದ್ದನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ. ನಿಮ್ಮ ಹಿಂದಿನ ಕಾಂಪೌಂಡಿನ ಹತ್ತಿರ ನಾಯಿಗಳು ಯಾಕೆ ಜಾಸ್ತಿಯಾಗಿವೆ ಅಂತ ನೋಡಿದ್ದೀರಾ?

2002 ನಿಮಗೆ ನೆನಪಿರಲೇಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಾವೇರಿ ಗಲಾಟೆ. ಹೆದ್ದಾರಿ ಬಂದ್, ಬಸ್ ಇಲ್ಲ. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟ ಕಾಲ. ಒಂದು ದಿನ ಬೆಳಿಗ್ಗೆ ಕಾಲೇಜಿಗೆ ಬಂದ ಡೇ ಸ್ಕಾಲರ್ ಹುಡುಗಿಯರಲ್ಲಿ ಒಂದಷ್ಟು ಜನಕ್ಕೆ ಸಂಜೆ ಊರಿಗೆ ಹೋಗೋಕೆ ದಾರಿಯೇ ಇರಲಿಲ್ಲ. ಅವರೆಲ್ಲ ನಮ್ಮ ಜೊತೆಗೇ ಉಳಿದರು. ತರಕಾರಿ ಗಾಡಿ ಬರಲಿಲ್ಲ. ಅಡುಗೆ ಅಕ್ಕ ಉಪ್ಸಾರು, ಹುರುಳಿಕಾಳು, ಮುದ್ದೆಯಲ್ಲೇ ದಿನ ತಳ್ಳಿದರು. ನಮ್ಮಲ್ಲಿ ಅರ್ಧಕ್ಕರ್ಧ ಜನರ ಅಪ್ಪ, ಅಣ್ಣಂದಿರು ರಸ್ತೆಯಲ್ಲಿ ಕೂತಿದ್ದರು. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿ ಭತ್ತ, ಕಬ್ಬು ಹಾಕಿದ್ದ ಮನೆಗಳು ಅವು. ರಾತ್ರಿ ಊಟ ಆದ ಮೇಲೂ ಯಾರೂ ಹಾಲ್ ಬಿಟ್ಟು ಏಳುತ್ತಿರಲಿಲ್ಲ. ಒಂದು ರೇಡಿಯೋ ಇತ್ತು, ಅದರ ಸುತ್ತ ಎಲ್ಲರೂ. ರಾಯಚೂರಿನವಳು ಮೆಲ್ಲಗೆ ‘ನಮ್ ಕಡೆ ತುಂಗಭದ್ರಾದ್ದೂ ಹಿಂಗ ಐತಿ’ ಅಂತ ಕಾಲುವೆಯ ಕೊನೆಯ ರೈತರ ಕತೆ ಹೇಳಿದಳು. ಆ ದಿನಗಳಲ್ಲಿ ಒಬ್ಬೊಬ್ಬರೇ ರೂಮಿನಲ್ಲಿ ಡಬ್ಬಿ ಹಿಡಿದು ಕೂತಿದ್ದಿದ್ದರೆ ನಾವು ಹೆದರಿ ಸಾಯುತ್ತಿದ್ದೆವು.

ಈಗ ನಮ್ಮ ಹುಡುಗಿಯ ವಿಷಯ. ಹೋದ ಆಗಸ್ಟ್‌ನಲ್ಲಿ ಅವಳಿಗೆ ಜ್ವರ ಬಂತು. ರೂಮಿನವರಲ್ಲಿ ಒಬ್ಬಳು ಊರಿಗೆ ಹೋಗಿದ್ದಳು, ಇನ್ನೊಬ್ಬಳು ಇವಳ ಡಬ್ಬಿಗೂ ಊಟ ಹಾಕಿಸಿಕೊಂಡು ಬಂದು ಇಟ್ಟು ಕ್ಲಾಸಿಗೆ ಹೋಗುತ್ತಿದ್ದಳು. ಪಾಪ, ಅವಳದ್ದೇನೂ ತಪ್ಪಿಲ್ಲ. ಇವಳು ಉಣ್ಣುತ್ತಿರಲಿಲ್ಲ. ಡಬ್ಬಿ ಮಾತ್ರ ದಿನಾ ಕಿಟಕಿಗೆ ಹೋಗುತ್ತಿತ್ತು, ಬರುತ್ತಿತ್ತು. ಹಾಗಾಗಿ ಅಡುಗೆಯವರ ಲೆಕ್ಕದಲ್ಲಿ ಇವಳು ಮೂರು ಹೊತ್ತೂ ಉಂಡಿದ್ದಾಳೆ! ನಾಲ್ಕನೇ ದಿನ ಫೋನಿನಲ್ಲಿ ಧ್ವನಿ ಕೇಳಿ ನಾನೇ ಬಂದು ಕರೆದುಕೊಂಡು ಹೋದೆ. ಡೆಂಗಿ. ಹುಷಾರಾದಳು, ಆ ಮಾತು ಬಿಡಿ. ನಮ್ಮ ಅಡುಗೆ ಅಕ್ಕ ಒಂದು ಹೊತ್ತು ಊಟಕ್ಕೆ ಬರದಿದ್ದರೆ ‘ಆ ಪಾಂಡವಪುರದ ಹುಡ್ಗಿ ಎಲ್ಲಿ?’ ಅಂತ ಸೌಟು ಕೈಯಲ್ಲಿ ಹಿಡಿದುಕೊಂಡೇ ಮಹಡಿ ಹತ್ತಿ ಬರುತ್ತಿದ್ದರು.

ನೋಟಿಸ್ ಬೋರ್ಡಿನಲ್ಲಿ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ಪೋಸ್ಟರ್ ಅಂಟಿಸಿದ್ದೀರಿ. 14416. ತುಂಬಾ ಒಳ್ಳೆಯ ಕೆಲಸ, ಅದು ಅಲ್ಲೇ ಇರಲಿ. ಆದರೆ ಆ ನಂಬರಿಗೆ ಫೋನ್ ಮಾಡುವಷ್ಟು ಕುಗ್ಗುವ ಮುಂಚೆ ಒಂದು ಹುಡುಗಿಯ ಮುಖವನ್ನು ಯಾರಾದರೂ ನೋಡಬೇಕಲ್ವಾ? ಅದೇ ಗೋಡೌನಿಗೆ ಬಣ್ಣ ಹೊಡೆಸಿ ‘ವೆಲ್‌ನೆಸ್ ಸೆಂಟರ್’ ಅಂತ ಬೋರ್ಡ್ ಹಾಕುತ್ತೀರಂತೆ, ಮುಂದಿನ ನ್ಯಾಕ್ ಭೇಟಿಯ ಹೊತ್ತಿಗೆ. ಹುಡುಗಿಯರು ಹೇಳಿದರು. ನನಗೆ ನಗು ಬಂತು, ಕ್ಷಮಿಸಿ. ಊಟದ ಹಾಲ್ ಮುಚ್ಚಿ ಅಲ್ಲೇ ವೆಲ್‌ನೆಸ್ ಸೆಂಟರ್ ಮಾಡೋದು ಅಂದರೆ ಬಾವಿ ಮುಚ್ಚಿ ಅದರ ಮೇಲೆ ಅರವಟ್ಟಿಗೆ ಇಟ್ಟ ಹಾಗೆ.

ನೀವು ಏನು ಹೇಳುತ್ತೀರಿ ಅಂತಲೂ ಗೊತ್ತು. ಹುಡುಗಿಯರು ಕಡಿಮೆಯಾಗಿದ್ದಾರೆ, ಅಷ್ಟು ದೊಡ್ಡ ಹಾಲ್ ಯಾಕೆ ಅಂತ. ಕಡಿಮೆಯಾಗಿರೋದು ನಿಜ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ಸು ಫ್ರೀ ಆದ ಮೇಲೆ ಕೆ.ಆರ್. ಪೇಟೆ, ಮಳವಳ್ಳಿ ಕಡೆಯವರು ಕೂಡ ದಿನಾ ಓಡಾಡುತ್ತಾರೆ. ಅದು ಒಳ್ಳೆಯದೇ. ಓದೋದನ್ನೇ ಬಿಡುತ್ತಿದ್ದವರು ಓದುತ್ತಿದ್ದಾರೆ. ಆದರೆ ಆ ಹುಡುಗಿಯರು ಮಧ್ಯಾಹ್ನ ಎಲ್ಲಿ ಉಣ್ಣುತ್ತಾರೆ ಅಂತ ನೋಡಿದ್ದೀರಾ? ನಾನು ನೋಡಿದೆ. ಮೆಟ್ಟಿಲ ಮೇಲೆ, ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ, ಕ್ಲಾಸಿನ ಡೆಸ್ಕಿನ ಮೇಲೆ. ಬೆಳಿಗ್ಗೆ ಆರಕ್ಕೇ ಎದ್ದು ಕಟ್ಟಿಕೊಂಡು ಬಂದ ಚಿತ್ರಾನ್ನ, ಒಂದು ಗಂಟೆಗೆ ತಣ್ಣಗಾಗಿರುತ್ತೆ. ಮಧ್ಯಾಹ್ನ ಹಾಲ್ ಅವರಿಗೂ ತೆರೆಯಿರಿ. ಡಬ್ಬಿ ಅವರದ್ದೇ, ಕೂರೋಕೆ ಜಾಗ, ಕುಡಿಯೋಕೆ ನೀರು, ಬೇಕಾದರೆ ಒಂದು ಸೌಟು ಬಿಸಿ ಸಾರು. ಆಗ ಹಾಲ್ ದೊಡ್ಡದಾಯಿತು ಅಂತ ಯಾರೂ ಹೇಳುವುದಿಲ್ಲ. ಹಾಸ್ಟೆಲ್‌ನವರು, ಬಸ್ಸಿನವರು ಅಂತ ಕಾಲೇಜು ಎರಡು ಪಾಲಾಗಿರೋದೂ ಸ್ವಲ್ಪ ಕಡಿಮೆಯಾಗಬಹುದು.

ಹಾಸ್ಟೆಲ್ಲೇ ಯಾಕೆ, ಹುಡುಗಿಯರಿಗೆ ಊಟ, ವಸತಿಗೆ ಅಂತ ಸರ್ಕಾರದ ವಿದ್ಯಾಸಿರಿ ದುಡ್ಡು ಬರುತ್ತಲ್ಲ, ಪಿ.ಜಿ.ಗೆ ಹೋಗಲಿ ಅಂತ ನಿಮ್ಮ ಸದಸ್ಯರೊಬ್ಬರು ಅಂದರಂತೆ. ಬರೋದು ಸ್ವಲ್ಪವೇ, ಅದೂ ವರ್ಷಕ್ಕೆ ಹತ್ತು ತಿಂಗಳು. ಆ ದುಡ್ಡಿಗೆ ರೂಮು, ಊಟ ಎರಡೂ ಕೊಡುವ ಪಿ.ಜಿ. ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಇದ್ದರೆ ವಿಳಾಸ ಕೊಡಿ, ನಾನೇ ಬಂದು ಸೇರಿಕೊಳ್ಳುತ್ತೇನೆ.

ಕೆಲಸದವರಿಲ್ಲ ಅನ್ನುವುದು ನಿಜವಾದ ಕಷ್ಟ. ಅಡುಗೆಗೆ ಇಬ್ಬರೇ ಇದ್ದಾರೆ, ಅವರ ಕೈಯಲ್ಲಿ ಹಾಲ್ ಗುಡಿಸಿ ಒರೆಸೋಕೂ ಆಗಲ್ಲ. ಇದನ್ನು ಒಪ್ಪುತ್ತೇನೆ. ಅದಕ್ಕೆ ಪಾಳಿ ಮಾಡಿ. ನಾವು ತಟ್ಟೆ ತೊಳೆದ ಹಾಗೆ ಇವರೂ ತೊಳೆಯಲಿ, ಟೇಬಲ್ ಒರೆಸಲಿ. ಮೊದಲ ತಿಂಗಳು ಗೊಣಗುತ್ತಾರೆ. ನಾವೂ ಗೊಣಗಿದ್ದೆವು. ಪರೀಕ್ಷೆ ಬಂಡಲ್‌ಗಳಿಗೆ ಜಾಗ ಇಲ್ಲ ಅಂದರೆ ಹಳೇ ಲೈಬ್ರರಿಯ ಹಿಂದಿನ ಕೋಣೆ ಖಾಲಿ ಇದೆ, ಹೋದಾಗ ಅದನ್ನೂ ಕಿಟಕಿಯಲ್ಲಿ ಇಣುಕಿ ನೋಡಿಕೊಂಡು ಬಂದಿದ್ದೇನೆ.

ನಾವು ಹಳೇ ಹುಡುಗಿಯರು ಹನ್ನೊಂದು ಜನ ಮಾತಾಡಿಕೊಂಡಿದ್ದೇವೆ. ಬಣ್ಣದ ಖರ್ಚು ನಮ್ಮದು. ಬೆಂಚುಗಳನ್ನು ನೋಡೋಕೆ ಒಬ್ಬಳ ಯಜಮಾನರು ಬರುತ್ತಾರೆ, ಬಡಗಿ ಕೆಲಸ ಅವರದ್ದು. ದುಡ್ಡು ಕೇಳುತ್ತಿಲ್ಲ. ಹಾಲ್‌ಗೆ ನಮ್ಮ ಹೆಸರಿನ ಕಲ್ಲು ಹಾಕಿಸಿ ಅಂತಲೂ ಕೇಳುತ್ತಿಲ್ಲ.

ಬೀಗದ ಕೈ ಎಲ್ಲಿದೆ ಅಂತ ಅಡುಗೆಯವರನ್ನು ಕೇಳಿದೆ, ಆಫೀಸಿನಲ್ಲಿ ಇರಬೇಕು ಅಂದರು. ಆಫೀಸಿನಲ್ಲಿ ಕೇಳಿದರೆ ವಾರ್ಡನ್ ಹತ್ತಿರ ಅಂದರು. ವಾರ್ಡನ್ ಮೇಡಂ ನಕ್ಕು, ‘ನಾನು ಬಂದಾಗಿನಿಂದ ನೋಡೇ ಇಲ್ಲ’ ಅಂದರು. ಆದ್ದರಿಂದ ಒಂದು ಬೀಗ ಒಡೆಯೋಕೆ ಅಪ್ಪಣೆ ಕೊಟ್ಟರೂ ಸಾಕು. ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪೊರಕೆ, ಬಕೆಟ್ ಹಿಡಿದುಕೊಂಡು ಗೇಟಿನ ಹತ್ತಿರ ಇರುತ್ತೇವೆ. ಮಧ್ಯಾಹ್ನಕ್ಕೆ ಬಸ್ಸಾರು ಮಾಡಿಸಿ. ರಾಗಿ ಹಿಟ್ಟು ನಾವು ತರುತ್ತೇವೆ.

ಇಂತಿ,
2003ನೇ ಸಾಲಿನ ಒಬ್ಬ ಹಳೇ ವಿದ್ಯಾರ್ಥಿನಿ,
ಮೈಸೂರು